ಕೂಸಿನ ಗುಟ್ಟಿಯೂ ಬಜೆಯ ಎಣ್ಣೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಮನೆಯಲ್ಲಿ ಕೂಸು ಹುಟ್ಟಿತೆಂದರೆ ಅಜ್ಜಿ ಮೊದಲು ಕೇಳುವುದು ಸಾಣೆಕಲ್ಲನ್ನು. ಬಾದಾಮಿ, ಉತ್ತತ್ತಿ, ಅಳಲೆಕಾಯಿ, ಜಾಯಿಕಾಯಿ, ಅರಿಷಿಣ ಕೊಂಬು, ಬಜೆ, ಇವನ್ನು ಒಂದೆರಡು ಸುತ್ತು ತೇಯ್ದು ಕೂಸಿನ ಬಾಯಿಗೆ ಹಚ್ಚುವುದೇ ಗುಟ್ಟಿ. ಇವುಗಳಲ್ಲಿ ಬಜೆಯೊಂದನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಆಡಬೇಕಾಗಿದೆ. ಕೂಸಿಗೆ ಮಾತು ಬೇಗ ಬರಲೆಂದು ಕೊಡುವ ಬೇರಲ್ಲವೆ ಅದು!

ಬಜೆಯ ಘಾಟು ವಾಸನೆಗೆ ಕಾರಣ ಅದರಲ್ಲಿರುವ ಸುಗಂಧ ತೈಲ. ತೆರೆದಿಟ್ಟರೆ ಹಾರಿಹೋಗುವ ಎಣ್ಣೆ ಇದು. ಪ್ರಯೋಗಶಾಲೆಯಲ್ಲಿ ಬೇರನ್ನು ಜಜ್ಜಿ, ನೀರು ಬೆರೆಸಿ, ಗುಂಡನೆಯ ಗಾಜಿನ ಪಾತ್ರೆಯಲ್ಲಿ ಕೆಲವು ಗಂಟೆ ಕುದಿಸುತ್ತಾರೆ. ಹಬೆಯೊಡನೆ ಏರಿದ ಎಣ್ಣೆ ತಣ್ಣೀರು ಸುತ್ತಿದ ಕೊಳವೆಯಲ್ಲಿ ತಣಿದು ಇಳಿದು, ಅಳತೆಯ ಗೆರೆಗಳಿರುವ ನಳಿಗೆಯಲ್ಲಿ ನೀರಿನಿಂದ ಬೇರ್ಪಟ್ಟು ನಿಲ್ಲುತ್ತದೆ. 1928ರಲ್ಲಿ ಕ್ಲೆವೆಂಜರ್ ಎಂಬವರು ರೂಪಿಸಿದ ಈ ಉಪಕರಣಕ್ಕೆ ಇಂದಿಗೂ ಅವರದೇ ಹೆಸರು. ಭಟ್ಟಿ ಇಳಿಸುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ. ಕಂಡಿಲ್ಲವೆಂದೇ ನೀವೆಲ್ಲ ಹೇಳುವಿರಿ, ಅದು ಬೇರೆ ಮಾತು.

ಎಣ್ಣೆ ಎಷ್ಟೆಂಬುದು ಇದರಿಂದ ತಿಳಿಯಿತು. ಎಂಥದೆಂದು ತಿಳಿಯಲು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರ ಬೇಕು. ಅದರೊಳಗೆ ಬಲು ಸಣ್ಣ ಕೊಳವೆಯೊಂದು ಸುರುಳಿಯಾಗಿರುತ್ತದೆ. ಬಿಚ್ಚಿದರೆ ಸುಮಾರು 30 ಮೀಟರು ಉದ್ದ. ಎಣ್ಣೆಯ ಆವಿ ಅದರಲ್ಲಿ ಸಾಗುವಾಗ ಒಂದೊಂದು ಘಟಕವೂ ತನ್ನ ತನ್ನ ವೇಳೆಗೆ ಹೊರಬೀಳುತ್ತದೆ, ಜಾತ್ರೆಯ ಓಟದ ಪಂದ್ಯದಲ್ಲಿ ಹುಡುಗರು ಹಿಂದು ಮುಂದಾಗಿ ಬಂದಂತೆ.

ಬಜೆಯ ಎಣ್ಣೆಯಲ್ಲಿ ಹೀಗೆ ಕಂಡುಬಂದ ಘಟಕ ಬೀಟಾ ಅಸರೋನ್. ಉತ್ತರ ಅಮೆರಿಕದ ಬಜೆಯ ಒಂದು ಜಾತಿಯಲ್ಲಿ ಇದು ಇಲ್ಲ, ಯೂರೋಪಿನದರಲ್ಲಿ ಸ್ವಲ್ಪ, ನಮ್ಮ ದೇಶದ ಬೇರಿನ ಎಣ್ಣೆಯಲ್ಲಿಯಾದರೋ ಅನೇಕ ವೇಳೆ ಅರ್ಧಕ್ಕಿಂತ ಹೆಚ್ಚು ಭಾಗ ಇದೇ. ಇಂಥ ಎಣ್ಣೆಯನ್ನು ಬಹುಕಾಲ ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆಗಳು ಎದ್ದವು. ಅಮೆರಿಕ ಸರಕಾರ 1968ರಲ್ಲಿ ಆಹಾರದಲ್ಲಿ ಬಜೆಯನ್ನು ಬೆರೆಸುವುದನ್ನೇ ನಿಷೇಧಿಸಿತು.

ಇಲಿ ತಿಂದ ಪ್ರಮಾಣವೂ ಕೂಸಿನ ನಾಲಿಗೆಗೆ ಹಚ್ಚುವ ಪ್ರಮಾಣವೂ ಒಂದಲ್ಲ, ನಿಜ. ಬಜೆಯನ್ನು ಸುಟ್ಟು ತೇಯುವ ಪದ್ಧತಿಯೂ ಉಂಟು, ಆಯುರ್ವೇದದಲ್ಲಿ ಶೋಧನೆಯ ಕ್ರಮವೂ ಉಂಟು. ಕಾವಿಗೆ ಎಣ್ಣೆ ಒಂದಷ್ಟು ಹಾರಿಹೋಗುತ್ತದೆ. ಆದರೆ ಎಷ್ಟು ಉಳಿಯಿತು? ಸಂತೆಯಿಂದ ತಂದ ಎರಡು ತುಂಡುಗಳು ಕಣ್ಣಿಗೂ ಮೂಗಿಗೂ ಒಂದೇ. ಅಜ್ಜಿಯ ಕೈಯಳತೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆ ಅಳತೆಗೆ ಸಿಕ್ಕದ ವಸ್ತು ಇದು.

ಬೆಳಗಾವಿಯಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆಯೊಂದು 2006ರಿಂದ ಇದ್ದು, ನಾಡಮದ್ದು, ಔಷಧಿ ಸಸ್ಯಗಳ ಸಂಶೋಧನೆಯೇ ಅದರ ಕೆಲಸವಾಗಿದೆ. ಆದರೆ ಪ್ರತಿ ಮನೆಯ ಬೇರಿನ ತುಂಡು ಯಂತ್ರದ ಮುಂದೆ ಹೋಗಲಾರದಷ್ಟೆ. ಆರು ತಿಂಗಳ ವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕೆಂದು ವೈದ್ಯರು ಹೇಳುತ್ತಾರೆ; ಗುಟ್ಟಿಯ ಬಟ್ಟಲಿನಿಂದ ಬಜೆಯನ್ನಂತೂ ಮೊದಲು ತೆಗೆಯಿರಿ. ಉಳಿದ ತುಂಡನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕಿಡಬಹುದು. ಹುಳಗಳಿಗೆ ಆ ವಾಸನೆ ಆಗದು.