ಅಕ್ಕಡಿ ಸಾಲಿನ ವಿಜ್ಞಾನ



ಮಕ್ಕಳೇ, ಒಳಗೆ ಬರುವಾಗಲೇ ನಿಮ್ಮ ವಿಜ್ಞಾನ ಪ್ರದರ್ಶನವನ್ನು ಒಂದು ಸುತ್ತು ಕದ್ದು ನೋಡಿಬಿಟ್ಟೆ. ಉದ್ಘಾಟನೆಗೆ ಮೊದಲು ನೋಡಬಾರದಂತೆ, ಕ್ಷಮಿಸಿ. ರಾಕೆಟ್ಟು ಮೂರು, ಜ್ವಾಲಾಮುಖಿ ಎರಡು. ಮೂಲೆಯ ಮೇಜಿನಲ್ಲಿ ಇಬ್ಬರು ಹುಡುಗಿಯರು ಒಂದು ಬಟ್ಟಲಲ್ಲಿ ಅವರೆಕಾಳು ನೆನೆಹಾಕಿಕೊಂಡು ಕೂತಿದ್ದರು. ಜ್ವಾಲಾಮುಖಿ ಉಕ್ಕುವಾಗ ಅವರೆಕಾಳಿನ ಹತ್ತಿರ ಯಾರು ಹೋಗುತ್ತಾರೆ? ಅದಕ್ಕೇ ನನ್ನ ಮಾತೆಲ್ಲ ಆ ಬಟ್ಟಲಿನ ಬಗ್ಗೆ.

ಹೊಸೂರು, ತಳಿ, ದೇಂಕಣಿಕೋಟೆ ಕಡೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುವುದು ನಿಮಗೆ ಗೊತ್ತು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು. ಕಾಳು ನಮಗೆ, ಹುಲ್ಲು ದನಕ್ಕೆ. ಅವರೆ ಗಿಡ ಕಿತ್ತು ಬೇರು ನೋಡಿದರೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಈ ಗಂಟುಗಳ ಹಿಂದೆ ಬಿದ್ದವರಲ್ಲಿ ಫಿನ್ಲೆಂಡಿನ ಆರ್ತುರಿ ವಿರ್ತನೆನ್ ಒಬ್ಬರು. 1895ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದ ಜೀವರಸಾಯನ ವಿಜ್ಞಾನಿ. ಹಾಲು-ಬೆಣ್ಣೆ ಸಹಕಾರಿಗಳ ಒಕ್ಕೂಟದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದರು.

ಅಲ್ಲಿಯ ಚಳಿಗಾಲ ಉದ್ದ. ನಾವು ರಾಗಿ ಹುಲ್ಲಿನ ಬಣವೆ ಒಟ್ಟಿ ಬೇಸಿಗೆ ದಾಟಿಸುತ್ತೇವೆ. ಅವರ ಹುಲ್ಲು ಮಳೆಗೆ ಸಿಕ್ಕಿ ಸತ್ವ ಕಳೆದುಕೊಳ್ಳುತ್ತಿತ್ತು. ವಿರ್ತನೆನ್ ಹಸಿ ಮೇವಿಗೆ ನೀರು ಬೆರೆಸಿದ ಆಮ್ಲ ಹಾಕಿ, ಪಿಎಚ್ ಅನ್ನು 4ಕ್ಕಿಂತ ಕೆಳಗೆ ಇಳಿಸಿ ಮುಚ್ಚಿಟ್ಟರು. ಹುಳಿ ಇದ್ದ ಕಡೆ ಕೊಳೆತ ಕಡಿಮೆ. ನಮ್ಮಜ್ಜಿ ಇದೇ ಲೆಕ್ಕದಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದಳು, ಅವಳಿಗೆ ನೊಬೆಲ್ ಬರಲಿಲ್ಲ. ವಿರ್ತನೆನ್‌ಗೆ 1945ರಲ್ಲಿ ಬಂತು. ಮತ್ತಿಗಿರಿಯ ದನದ ಫಾರಂ ಪಕ್ಕದಲ್ಲೇ ಬೆಳೆದ ಮಕ್ಕಳಿಗೆ ಹೀಗೆ ಮುಚ್ಚಿಟ್ಟ ರಸಮೇವಿನ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಆದರೆ ಆ ಬಟ್ಟಲು ನೋಡಿದಾಗ ನನಗೆ ಮೊದಲು ನೆನಪಾದವರು ವಿರ್ತನೆನ್ ಅಲ್ಲ, ಕಮಲಾ ಸೊಹೋನಿ. ಇಂದೋರಿನಲ್ಲಿ 1911ರಲ್ಲಿ ಹುಟ್ಟಿದವರು, ಮದುವೆಗೆ ಮೊದಲು ಕಮಲಾ ಭಾಗವತ್. ಅಪ್ಪ, ಅಪ್ಪನ ಸೋದರ ಇಬ್ಬರೂ ನಮ್ಮ ಪಕ್ಕದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರಸಾಯನಶಾಸ್ತ್ರ ಓದಿದವರು. ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗಿ 1933ರಲ್ಲಿ ಅದೇ ಸಂಸ್ಥೆಗೆ ಅರ್ಜಿ ಹಾಕಿದಳು. ಆಗ ನಿರ್ದೇಶಕರು ಸಿ.ವಿ. ರಾಮನ್. ಹೆಂಗಸರಿಗೆ ಸಂಶೋಧನೆ ಆಗದು ಎಂದು ಅರ್ಜಿ ತಳ್ಳಿಹಾಕಿದರು. ಗಾಂಧೀಜಿಯ ಕಾಲ ಅದು. ಹುಡುಗಿ ಅವರ ಕಚೇರಿ ಮುಂದೆ ಸತ್ಯಾಗ್ರಹಕ್ಕೆ ಕೂತಳು.

ರಾಮನ್ ಒಪ್ಪಿದರು, ಷರತ್ತು ಹಾಕಿ. ಮೊದಲ ಒಂದು ವರ್ಷ ಪರೀಕ್ಷೆಗೆ ಇಟ್ಟ ಹಾಗೆ, ಖಾಯಂ ವಿದ್ಯಾರ್ಥಿನಿ ಅಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ. ಗಂಡು ಹುಡುಗರ ಗಮನ ಕೆಡಿಸಕೂಡದು. ಕೊನೆಯದನ್ನು ಕೇಳಿದಾಗಲೆಲ್ಲ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಗಮನ ಕೆಟ್ಟರೆ ಹುಡುಗರಿಗಲ್ಲವೇ ಷರತ್ತು ಹಾಕಬೇಕು? ರಾಮನ್ ದೊಡ್ಡವರು, ಅವರ ಬೆಳಕಿನ ವಿಜ್ಞಾನಕ್ಕೆ ಕೈಮುಗಿಯೋಣ. ಈ ಒಂದು ಲೆಕ್ಕ ಮಾತ್ರ ಅವರು ತಪ್ಪು ಹಾಕಿದರು. ವರ್ಷ ಕಳೆದ ಮೇಲೆ ಕಮಲಾ ಖಾಯಂ ಆದರು, ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಬಾಗಿಲು ತೆರೆಯಿತು.

ಎಂ. ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ಆಕೆ ಎತ್ತಿಕೊಂಡ ಕೆಲಸ ಯಾವುದು ಗೊತ್ತೇ? ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನು. ಬಡವರ ತಟ್ಟೆಯ ಸಾಮಾನು. ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ, ಜೀವರಸಾಯನ ವಿಜ್ಞಾನಿ ಹಾಪ್ಕಿನ್ಸರ ಪ್ರಯೋಗಾಲಯದಲ್ಲಿ ಆಲೂಗಡ್ಡೆ ಹಿಡಿದು ಕೂತರು. ಜೀವಕೋಶದ ಉಸಿರಾಟದಲ್ಲಿ ಪಾಲುಗೊಳ್ಳುವ ಸೈಟೋಕ್ರೋಮ್-ಸಿ ಗಿಡಗಳಲ್ಲೂ ಇದೆ ಎಂದು ತೋರಿಸಿದರು. ಅವರ ಡಾಕ್ಟರೇಟ್ ಪ್ರಬಂಧ ನಲವತ್ತು ಪುಟ. ಈಗಿನವರ ಪ್ರಬಂಧ ಎರಡು ಕೈಯಲ್ಲಿ ಎತ್ತಬೇಕು.

1939ರಲ್ಲಿ ವಾಪಸು ಬಂದರು. ದೆಹಲಿ, ಆಮೇಲೆ ನಮ್ಮ ನೀಲಗಿರಿಯ ಕೂನೂರು, 1947ರಲ್ಲಿ ಮದುವೆಯಾಗಿ ಮುಂಬಯಿ. ಅಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮತ್ತೆ ಕಾಳಿಗೇ ಬಂದರು. ತಾಳೆ ಜಾತಿಯ ಮರಗಳ ನೀರಾವನ್ನೂ ಪರೀಕ್ಷಿಸಿ, ಸೊರಗಿದ ಬುಡಕಟ್ಟು ಮಕ್ಕಳಿಗೆ, ಬಸುರಿಯರಿಗೆ ಅದು ಒಳ್ಳೆಯದೆಂದು ತೋರಿಸಿದರು. ಆ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ನೀರಾ ಅಂದ ಕೂಡಲೇ ಹಿಂದಿನ ಸಾಲಿನವರು ನಗುವುದು ಬೇಡ, ಅದು ಹುಳಿಯಾಗುವುದಕ್ಕೆ ಮೊದಲಿನ ಮಾತು.

ಈಗ ಬಟ್ಟಲಿಗೆ ಬರುತ್ತೇನೆ. ಅವರೆಕಾಳಿನಲ್ಲಿ ಒಂದು ಕಳ್ಳ ಪ್ರೋಟೀನು ಕೂತಿದೆ. ನಾವು ತಿಂದ ಪ್ರೋಟೀನನ್ನು ಕರುಳಿನಲ್ಲಿ ಕತ್ತರಿಸುವ ಟ್ರಿಪ್ಸಿನ್ ಎಂಬ ಕಿಣ್ವದ ಬಾಯಿಗೆ ಅದು ಬಿರಡೆ ಹಾಕುತ್ತದೆ. ಹಸಿ ಕಾಳು ತಿಂದವನಿಗೆ ಹೊಟ್ಟೆ ಕೆಡುವುದಕ್ಕೆ ಇಂಥವೂ ಕಾರಣ. ಬೇಯಿಸಿದರೆ ಬಿರಡೆ ಬಹುಮಟ್ಟಿಗೆ ಮುರಿಯುತ್ತದೆ. ಆ ಪದಾರ್ಥವನ್ನು ಅವರೆಕಾಳಿನಿಂದ ಹರಳು ಹರಳಾಗಿ ಬೇರೆ ಮಾಡಿ, 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದವರು ಸೊಹೋನಿ ಮತ್ತು ಅವರ ಜೊತೆಗಾರರು. ನಮ್ಮ ಹೊಲದ ಬದುವಿನ ಕಾಳು, ಲೋಕವೆಲ್ಲ ಓದುವ ಪತ್ರಿಕೆ! ಅಜ್ಜಿ "ಹಸಿ ಕಾಳು ಬಾಯಿಗೆ ಹಾಕ್ಬೇಡ ಮಗಾ" ಅಂದಾಗ ಸುಮ್ಮನೆ ಗದರಿದ್ದಲ್ಲ ಎಂದು ನನಗೆ ತಿಳಿದದ್ದು ಈ ಕೆಲಸದ ವಿಷಯ ಓದಿದಾಗ.

ಮುಂಬಯಿಯ ತಮ್ಮ ಸಂಸ್ಥೆಯಲ್ಲಿ ಆಕೆಗೆ ಸಿಗಬೇಕಾದ ನಿರ್ದೇಶಕಿ ಹುದ್ದೆ ವರ್ಷಗಟ್ಟಲೆ ತಡವಾಗಿ ಸಿಕ್ಕಿತು. 1998ರಲ್ಲಿ, ಎಂಬತ್ತು ದಾಟಿದ ಮೇಲೆ, ದೆಹಲಿಯಲ್ಲಿ ಸನ್ಮಾನಕ್ಕೆ ಕರೆದರು. ಸಭೆಯಲ್ಲೇ ಕುಸಿದವರು ಸ್ವಲ್ಪ ದಿನದಲ್ಲೇ ತೀರಿಕೊಂಡರು.

ಟೇಪು ಕತ್ತರಿಸಲು ಕತ್ತರಿ ಕೊಡಿ. ಕತ್ತರಿಸಿದ ಮೇಲೆ ನಾನು ನೇರ ಮೂಲೆಯ ಮೇಜಿಗೆ ಹೋಗುತ್ತೇನೆ. ಆ ಇಬ್ಬರು ಹುಡುಗಿಯರೇ, ನಿಮಗೆ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ: ಹಿತಕವರೆಗೆ ಕಾಳು ನೆನೆಸಿದ ನೀರನ್ನು ನಿಮ್ಮಮ್ಮ ಯಾಕೆ ಚೆಲ್ಲುತ್ತಾಳೆ? ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಸಂಜೆಯವರೆಗೆ ಇಲ್ಲೇ ಇರುತ್ತೇನೆ.