ಪರೀಕ್ಷೆ ಇಬ್ಬರಿಗೂ ಆಗಲಿ
(ಜುಮಾ ಖುತ್ಬಾದ ಸಂಗ್ರಹ)



ಮಿಂಬರ್‌ನ ಮೇಲೆ ನಾವು ಈ ವಿಷಯ ಎತ್ತುವುದು ಅಪರೂಪ. ಹಯಾ ನಮಗೆ ಭೂಷಣವೇ. ಆದರೆ ಅದರ ಹೆಸರಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಅನ್ಯಾಯವಾಗುತ್ತಿದ್ದರೆ ನಾವು ಸುಮ್ಮನಿರಬಾರದು.

ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, ಎಲ್ಲರ ಕಣ್ಣೂ ಸೊಸೆಯ ಮೇಲೆ. ನಮ್ಮ ಪರಿಚಯದ ಒಬ್ಬ ಸಹೋದರಿ ಮೂರು ವರ್ಷ ಮಾತ್ರೆ, ಇಂಜೆಕ್ಷನ್, ಸ್ಕ್ಯಾನಿಂಗ್ ಎಂದು ಅಲೆದರು. ಗಂಡನ ವೀರ್ಯ ಪರೀಕ್ಷೆಯಾದದ್ದು ನಾಲ್ಕನೇ ವರ್ಷ. ಕೊರತೆ ಇದ್ದದ್ದು ಅಲ್ಲಿ. ಅಷ್ಟರಲ್ಲಿ ಮನೆಯಲ್ಲಿ ಎರಡನೇ ಮದುವೆಯ ಮಾತೂ ಎದ್ದಿತ್ತು. ಆ ಸಹೋದರಿಯಲ್ಲಿ ಯಾರಾದರೂ ಕ್ಷಮೆ ಕೇಳಿದ್ದನ್ನು ನಾವು ಕಂಡಿಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆ. ಕೆಲವರಿಗೆ ಹೆಣ್ಣು, ಕೆಲವರಿಗೆ ಗಂಡು, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲದಂತೆ ಮಾಡುವವನು ಅಲ್ಲಾಹನೇ ಎಂಬುದು ಸೂರಃ ಅಶ್ಶೂರಾದ ತಿಳಿವಳಿಕೆ. ಹಝ್ರತ್ ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಅಕ್ಕನ ಮಗನ ಹೆಸರಿನಿಂದ ಅವರು ಉಮ್ಮು ಅಬ್ದುಲ್ಲಾ ಎನಿಸಿಕೊಂಡರು. ಅವರ ಸ್ಥಾನಕ್ಕೆ ಏನಾದರೂ ಕುಂದಾಯಿತೇ?

ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ಅಗತ್ಯವಿದ್ದರೆ ಗಂಡನ ವೀರ್ಯ ಮತ್ತು ಹೆಂಡತಿಯ ಅಂಡವನ್ನು ಬಳಸಿ, ಆಕೆಯ ಗರ್ಭದಲ್ಲೇ ಮಗು ಬೆಳೆಯುವ ವಿಧಾನಕ್ಕೆ ಅನುಮತಿ ನೀಡಿತು. ಮೂರನೆಯವರ ವೀರ್ಯ, ಅಂಡ, ಗರ್ಭ ಇವುಗಳನ್ನು ನಿಷೇಧಿಸಿತು. ನಸಬ್ ಬೆರೆಯಬಾರದು. ಹೀಗಾಗಿ ಮಾದರಿಗೆ ಹೆಸರು ಹಚ್ಚುವುದು, ಸಾಕ್ಷಿಯಾಗಿ ಇನ್ನೊಬ್ಬರು ಪರಿಶೀಲಿಸುವುದು ಹೇಗೆ ಎಂದು ಆಸ್ಪತ್ರೆಯಲ್ಲಿ ಕೇಳಿ, ಸಂಕೋಚ ಬೇಡ. 2021ರ ಕಾನೂನಿನಂತೆ ನೋಂದಣಿಯಾದ ಕೇಂದ್ರವೇ ಎಂದೂ ನೋಡಿ.

ಈಗ ‘ಒಳ್ಳೆಯ ವೀರ್ಯಾಣು ಆರಿಸಿಕೊಡುತ್ತೇವೆ’ ಎಂಬ ಮಾತು ಹಲವು ಮನೆಗಳಿಗೆ ತಲುಪಿದೆ. ಲ್ಯಾಬಿನಲ್ಲಿ ವೀರ್ಯವನ್ನು ತೊಳೆದು, ಈಜಿ ಮೇಲೆ ಬರುವ ಚುರುಕಾದ ವೀರ್ಯಾಣುಗಳನ್ನು ಬೇರ್ಪಡಿಸುವುದು ಹಳೆಯ, ಸಾಮಾನ್ಯ ಕ್ರಮ. ಎಣಿಕೆ ತೀರಾ ಕಡಿಮೆಯಿದ್ದರೆ ಇಕ್ಸಿ ವಿಧಾನದಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುತ್ತಾರೆ. ಅದಕ್ಕಿಂತ ಮುಂದೆ ಪಿಕ್ಸಿ, ಮ್ಯಾಕ್ಸ್, ಚಿಪ್ ಎಂದು ಹೆಚ್ಚುವರಿ ಶುಲ್ಕದ ವಿಧಾನಗಳಿವೆ. ಬ್ರಿಟನ್‌ನಲ್ಲಿ 2,772 ದಂಪತಿಗಳ ಮೇಲೆ ಪಿಕ್ಸಿಯನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಇಕ್ಸಿಗಿಂತ ಹೆಚ್ಚು ಮಕ್ಕಳು ಹುಟ್ಟಿದರೆಂದು ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಗರ್ಭಪಾತ ಕಡಿಮೆಯಿತ್ತು, ಅದೂ ನಿಜ. ಆದ್ದರಿಂದ ‘ನಮಗೇ ಇದು ಏಕೆ ಬೇಕು?’ ಎಂದು ವೈದ್ಯರನ್ನು ಕೇಳಿದ ಮೇಲೆ ಹಣ ಕಟ್ಟಿ. ಹೆಂಡತಿಯ ಒಡವೆ ಬಡ್ಡಿಯ ಅಂಗಡಿ ಸೇರುವ ಮೊದಲು ಕೇಳಿ.

ಆರಿಸುವುದೆಂದರೆ ಗಂಡುಮಗುವನ್ನು ಆರಿಸುವುದಲ್ಲ. ಅದು 1994ರ ಕಾಯ್ದೆಯಡಿ ಅಪರಾಧ. ಗರ್ಭಧಾರಣೆಗೆ ಮುಂಚಿನ ಆಯ್ಕೆಯೂ ಅದರೊಳಗೇ ಬರುತ್ತದೆ. ಹೆಣ್ಣು ಕೂಸನ್ನು ಹೂಳುತ್ತಿದ್ದ ಜಾಹಿಲಿಯ್ಯತ್ ಬಿಳಿ ಕೋಟು ತೊಟ್ಟು ಬಂದರೂ ಜಾಹಿಲಿಯ್ಯತ್ತೇ.

ಯುವಕರಿಗೆ ಒಂದು ಮಾತು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಬೀಡಿ, ಸಿಗರೇಟು ಇಂದು ಬಿಟ್ಟವರು ಮೂರು ತಿಂಗಳ ಬಳಿಕ ಇನ್ನೊಮ್ಮೆ ಪರೀಕ್ಷೆ ಮಾಡಿಸಲಿ. ಮೊದಲ ಪರೀಕ್ಷೆಗೆ ಮಾತ್ರ ಹೆಂಡತಿಯ ಜೊತೆಯಲ್ಲೇ, ಅದೇ ದಿನ ಹೋಗಲಿ.