ಕೂಲಿಗಾರರ ನಷ್ಟಪರಿಹಾರವೂ ಶಾಸನಕರ್ತರ ಸ್ವಹಿತವೂ



ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಕೂಲಿಗಾರನೊಬ್ಬನ ಹೆಬ್ಬೆರಳು ಹೋಯಿತೆನ್ನಿ. ಅದರ ಬೆಲೆ ಎಷ್ಟು? ಪ್ರಶ್ನೆ ಕಠೋರವಾದುದು, ಆದರೂ ಶಾಸನವು ಇದಕ್ಕೆ ಉತ್ತರ ಹೇಳಲೇಬೇಕು. ನಮ್ಮ ದೇಶದ 1923ರ ನಷ್ಟಪರಿಹಾರ ಶಾಸನವು ಇಂತಹ ಅಂಗಗಳ ಪಟ್ಟಿಯೊಂದನ್ನು ಕೊಟ್ಟಿತು. ತಿದ್ದುಪಡಿಗಳಾದ ಮೇಲೆ ಆ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30, ತೋರುಬೆರಳು ಹೋದರೆ ನೂರಕ್ಕೆ 14 ಕುಂದಿತೆಂದು ಎಣಿಸಲಾಯಿತು. ಇಂತಹ ಲೆಕ್ಕವನ್ನು ಬರೆಯುವವರಿಗೆ ಅದರಲ್ಲಿ ಸ್ವಂತ ಲಾಭನಷ್ಟಗಳಿದ್ದರೆ ಏನಾದೀತು? ಈ ಪ್ರಶ್ನೆಯನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅನುಭವದಿಂದ ವಿಚಾರ ಮಾಡೋಣ. ಏಕೆಂದರೆ ಅಲ್ಲಿ ಈ ಶಾಸನವನ್ನು ಒಂದೊಂದು ಸಂಸ್ಥಾನವೂ ತನ್ನ ಸಭೆಯಲ್ಲಿ ತಾನೇ ಮಾಡಿಕೊಂಡಿದೆ.

ಹಿಂದೆ ಗಾಯಗೊಂಡ ಕೂಲಿಗಾರನು ನ್ಯಾಯಸ್ಥಾನಕ್ಕೆ ಹೋಗಿ ಧನಿಯ ತಪ್ಪನ್ನು ಸ್ಥಾಪಿಸಬೇಕಾಗಿತ್ತು. ಧನಿಗೆ ಮೂರು ಸಮಾಧಾನಗಳಿದ್ದುವು: ತಪ್ಪು ನಿನ್ನದೂ ಉಂಟು, ಅಪಾಯವನ್ನು ತಿಳಿದೇ ನೀನು ಕೆಲಸಕ್ಕೆ ಸೇರಿದೆ, ತಪ್ಪುಮಾಡಿದವನು ನಿನ್ನ ಜೊತೆಗಾರನೇ ಹೊರತು ನಾನಲ್ಲ. ಈ ಮೂರನ್ನೂ ದಾಟಿ ಗೆದ್ದವರು ವಿರಳ. ಆದಕಾರಣ ಜರ್ಮನಿಯು 1884ರಲ್ಲಿಯೂ ಇಂಗ್ಲೆಂಡು 1897ರಲ್ಲಿಯೂ ಹೊಸ ದಾರಿ ಹಿಡಿದುವು: ತಪ್ಪು ಯಾರದೇ ಆಗಲಿ, ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ ಸಲ್ಲಬೇಕು.

ನ್ಯೂಯಾರ್ಕ್ ಸಂಸ್ಥಾನವು 1910ರಲ್ಲಿ ಇಂತಹ ಶಾಸನವನ್ನು ಮಾಡಿತು. 1911ರ ಮಾರ್ಚ್ 24ರಂದು ಆ ಸಂಸ್ಥಾನದ ಉನ್ನತ ನ್ಯಾಯಸ್ಥಾನವು ಅದನ್ನು ರದ್ದುಮಾಡಿತು. ಮರುದಿನವೇ ಆ ನಗರದ ಟ್ರಯಾಂಗಲ್ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಅವರಲ್ಲಿ ಬಹುಮಂದಿ ಎಳೆಯ ಹೆಣ್ಣುಮಕ್ಕಳು. 1913ರಲ್ಲಿ ಜನರು ರಾಜ್ಯಾಂಗವನ್ನೇ ತಿದ್ದಿ ಶಾಸನಕ್ಕೆ ಎಡೆಮಾಡಿಕೊಟ್ಟರು. ಅಂದಿನ 48 ಸಂಸ್ಥಾನಗಳಲ್ಲಿ ಕಡೆಯದಾದ ಮಿಸಿಸಿಪಿಯು 1948ರಲ್ಲಿ ಈ ಸಾಲಿಗೆ ಸೇರಿತು.

ಈ ಏರ್ಪಾಡು ಒಂದು ಒಪ್ಪಂದವೆಂಬುದನ್ನು ಮರೆಯಬಾರದು. ಕೂಲಿಗಾರನಿಗೆ ಖಚಿತವಾದ ಹಣ ದೊರೆಯುತ್ತದೆ. ಅದಕ್ಕೆ ಬದಲಾಗಿ ಧನಿಯ ಮೇಲೆ ದಾವೆ ಹೂಡುವ ಹಕ್ಕನ್ನು ಅವನು ಬಹುಮಟ್ಟಿಗೆ ಬಿಟ್ಟುಕೊಡುತ್ತಾನೆ. ಹೀಗೆ ನ್ಯಾಯಾಧೀಶನು ಮಾಡಬೇಕಾಗಿದ್ದ ತೀರ್ಪನ್ನು ಶಾಸನಸಭೆಯು ಮುಂಚಿತವಾಗಿಯೇ ಮಾಡಿಬಿಡುತ್ತದೆ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ಧರ್ಮವು ಸಭಾಸದನಿಗೂ ಅನ್ವಯಿಸಬೇಡವೆ?

ಇಲ್ಲಿಯೇ ತೊಡಕು. ಆ ದೇಶದ ಬಹುತೇಕ ಸಂಸ್ಥಾನಗಳಲ್ಲಿ ಶಾಸನಕರ್ತೃತ್ವವು ಪೂರ್ಣಕಾಲದ ವೃತ್ತಿಯಲ್ಲ. ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು 1889ರಲ್ಲಿ ಸದಸ್ಯನಿಗೆ ಎರಡು ವರ್ಷದ ಅವಧಿಗೆ 200 ಡಾಲರುಗಳ ಸಂಭಾವನೆಯನ್ನು ಗೊತ್ತುಮಾಡಿತು. ಇಂತಹ ಸಂಭಾವನೆಯಿಂದ ಸಂಸಾರ ನಡೆದೀತೆ? ಆದುದರಿಂದ ವಿಮಾ ವ್ಯಾಪಾರಿ, ಪರಿಹಾರದ ದಾವೆಗಳನ್ನು ನಡೆಸುವ ವಕೀಲ, ಕಾರ್ಖಾನೆಯ ಮಾಲೀಕ, ಕಾರ್ಮಿಕಸಂಘದ ನಾಯಕ, ಇಂತಹವರೇ ಸಭೆಯಲ್ಲಿ ಕುಳಿತಿರುತ್ತಾರೆ. ಇವರೆಲ್ಲರನ್ನೂ ಹೊರಗೆ ಕಳುಹಿಸಿದರೆ ವಿಷಯ ಬಲ್ಲವರೇ ಉಳಿಯರು. ಅವರನ್ನು ಆರಿಸಿದ ಜನಕ್ಕೂ ಬಾಯಿಲ್ಲದಂತಾಗುತ್ತದೆ.

ಆದಕಾರಣ ಒಂದು ಮಧ್ಯಮಾರ್ಗ ಬೆಳೆದಿದೆ. 1811ರಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯ ಅಧ್ಯಕ್ಷರು, ಮತವನ್ನು ತಳ್ಳಿಹಾಕಬೇಕಾದರೆ ಸದಸ್ಯನ ಹಿತವು ನೇರವಾದ ಹಣದ ಹಿತವಾಗಿರಬೇಕು, ಅದು ಅವನೊಬ್ಬನಿಗೇ ಸೇರಿದುದಾಗಿರಬೇಕು ಎಂದು ತೀರ್ಮಾನ ಕೊಟ್ಟರು. ನಮ್ಮ ಲೋಕಸಭೆಯ ನಿಯಮವೂ ಇದೇ ಜಾಡಿನದು. ಅಮೆರಿಕಾದ ಅನೇಕ ಸಂಸ್ಥಾನಗಳಲ್ಲಿಯೂ, ತನ್ನ ವೃತ್ತಿಯವರೆಲ್ಲರಿಗೂ ಸಮಾನವಾಗಿ ಬರುವ ಲಾಭವು ಮತಕ್ಕೆ ಅಡ್ಡಿಯಲ್ಲ. ಮತವು ತನ್ನ ವಾಕ್‌ಸ್ವಾತಂತ್ರ್ಯವೆಂದು ನೆವಾಡಾ ಸಂಸ್ಥಾನದ ನಗರಸಭಾ ಸದಸ್ಯರೊಬ್ಬರು ವಾದಿಸಿದಾಗ, 2011ರಲ್ಲಿ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಸ್ಥಾನವು ಅದನ್ನು ಒಪ್ಪಲಿಲ್ಲ: ಮತವು ಸದಸ್ಯನ ಸ್ವಂತ ಸೊತ್ತಲ್ಲ, ಜನರು ವಹಿಸಿದ ಅಧಿಕಾರ.

ಈ ನಿಯಮಗಳೆಲ್ಲವೂ ಮತ ಕೊಡುವ ಗಳಿಗೆಯನ್ನು ಕಾಯುತ್ತವೆ. ಆದರೆ ಸ್ವಹಿತವು ಮತದಲ್ಲಿಯೇ ತೋರಬೇಕೆಂಬ ನಿಯಮವಿಲ್ಲ. ಪರಿಹಾರದ ಗರಿಷ್ಠ ಮಿತಿಯನ್ನು ರೂಪಾಯಿಯಲ್ಲಿಯೋ ಡಾಲರಿನಲ್ಲಿಯೋ ಗೊತ್ತುಮಾಡಿ ಸುಮ್ಮನಿದ್ದರೆ ಸಾಕು. ಬೆಲೆಗಳು ಏರಿದಂತೆಲ್ಲ ಪರಿಹಾರವು ತಾನಾಗಿಯೇ ಕುಗ್ಗುತ್ತದೆ. ತಿದ್ದುಪಡಿಯ ಮಸೂದೆಯನ್ನು ಉಪಸಮಿತಿಯಲ್ಲಿ ಮಲಗಿಸಿದವನು ಮತವನ್ನೇ ಕೊಟ್ಟಿರುವುದಿಲ್ಲ. ಅವನನ್ನು ಯಾವ ನಿಯಮವು ಹಿಡಿದೀತು? ನಿಂತ ಮಿತಿಯ ಪರಿಣಾಮವನ್ನು ನಮ್ಮಲ್ಲಿಯೂ ಕಾಣಬಹುದು. ಪರಿಹಾರದ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿಯು ಕೇಂದ್ರ ಸರ್ಕಾರದ ಅಧಿಸೂಚನೆಯಂತೆ 2010ರ ಮೇ ತಿಂಗಳಿಂದ 2020ರ ಜನವರಿಯವರೆಗೆ 8,000 ರೂಪಾಯಿಗಳಲ್ಲಿಯೇ ನಿಂತಿತ್ತು. ಆಮೇಲೆ 15,000 ಆಯಿತು. ಆ ನಡುವೆ ಸತ್ತವನು 14,000 ಸಂಪಾದಿಸುತ್ತಿದ್ದರೂ ಅವನ ವಿಧವೆಗೆ ಲೆಕ್ಕ 8,000ದ ಮೇಲೆಯೇ.

ಇದಕ್ಕೆ ಪರಿಹಾರವೇನು? ಸದಸ್ಯರು ತಮ್ಮ ವೃತ್ತಿವ್ಯವಹಾರಗಳನ್ನು ಜನರು ಓದಬಹುದಾದ ಪುಸ್ತಕದಲ್ಲಿ ಬರೆದಿಡುವುದು ಮೊದಲನೆಯದು. ಹಿತಸಂಬಂಧವಿರುವವನು ಮಾತನಾಡಲಿ, ಆದರೆ ಆ ಮಸೂದೆಯ ಉಪಸಮಿತಿಗೆ ಅಧ್ಯಕ್ಷನಾಗದಿರಲಿ ಎಂಬುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. 1972ರಲ್ಲಿ ಅಮೆರಿಕಾದ ರಾಷ್ಟ್ರೀಯ ಆಯೋಗವೊಂದು ಪರಿಹಾರವು ಸಂಬಳದ ಮೂರರಲ್ಲಿ ಎರಡು ಪಾಲಿರಬೇಕೆಂದೂ, ಅದರ ಗರಿಷ್ಠ ಮಿತಿಯನ್ನು ಆಯಾ ಸಂಸ್ಥಾನದ ಸರಾಸರಿ ಸಂಬಳಕ್ಕೆ ಕಟ್ಟಬೇಕೆಂದೂ ಸಲಹೆಮಾಡಿತು. ಹಾಗೆ ಕಟ್ಟಿದರೆ ಸಂಬಳ ಏರಿದಂತೆ ಮಿತಿಯೂ ಏರುತ್ತದೆ. ಯಾರ ಮೌನಕ್ಕೂ ಬೆಲೆ ಬಾರದು.

ಒಳ್ಳೆಯವರನ್ನು ಆರಿಸುವುದು ನಮ್ಮ ಕರ್ತವ್ಯವೇ ಸರಿ. ಆದರೆ ಬೆರಳು ಕಳೆದುಕೊಂಡವನ ಅನ್ನವು ಆರಿಸಿಬಂದವರ ಒಳ್ಳೆಯತನವೊಂದನ್ನೇ ನಂಬಿಕೊಂಡಿರಬಾರದು. ಸಾಧಾರಣ ಮನುಷ್ಯರ ಕೈಯಲ್ಲಿಯೂ ಕೆಡದಂತಹ ಶಾಸನವೇ ಸುಶಾಸನ.